ನೀಲಿ ದಾರವಿಲ್ಲದ ಟೋಪಿ

ಚಿಲ್ಕಪಂಬಾ
೩೦ ಆಗಸ್ಟ್ ೧೯೯೪

ಮಗಳೇ ನೂಬಿಯಾ,

ನಿನ್ನ ಬಸ್ಸು ತಿರುವಿನಲ್ಲಿ ಮರೆಯಾದ ಕೂಡಲೇ ಕಾಗದ ಬರೆಯಬೇಕೆನ್ನಿಸಿತ್ತು. ಅಷ್ಟರಲ್ಲಿ ಕುರಿಯೊಂದು ಮರಿ ಹಾಕಲು ಕೂತಿತು, ಎರಡು ದಿನ ಅದರ ಚಾಕರಿಯಲ್ಲೇ ಹೋಯಿತು. ನನ್ನ ಅಕ್ಷರ ಹಿಟ್ಟಿನ ಮೂಟೆಗಳ ಮೇಲಿನ ಬರಹ ನೋಡಿ ಕಲಿತದ್ದು. ನೀನು ಟೀಚರು. ಕೆಂಪು ಶಾಯಿ ಹಿಡಿದು ಓದಬೇಡ.

ಶುಕ್ರವಾರ ಸಂಜೆ ನಿಮ್ಮ ಮೂವರ ಗಲಾಟೆಯಲ್ಲಿ ಮನೆ ತುಂಬಿತ್ತು. ನಿನ್ನ ಶಾಲೆಯ ಆ ರೊಲಾಂದೊ ಮೂರು ಬಟ್ಟಲು ಆಲೂಗಡ್ಡೆ ಸಾರು ಕುಡಿದು, "ಅತ್ತೇ, ನಿಮ್ಮ ಬೆಟ್ಟಕ್ಕೆ ಒಂದು ಲಿಫ್ಟ್ ಹಾಕ್ಸಬಾರ್ದಾ" ಅಂದ. "ಹಾಕ್ಸಿದೀವಪ್ಪ, ಅದಕ್ಕೆ ಕತ್ತೆ ಅಂತೀವಿ. ನಿನ್ ಮೈ ನೋಡಿದ್ರೆ ಅದೇ ಓಡ್ಹೋಗುತ್ತೆ" ಅಂದೆ. ನಿನ್ನ ಗೆಳತಿ ಇವೋನ್ ನಕ್ಕು ನಕ್ಕು ಅಂಗಿಯ ಮೇಲೆಲ್ಲ ಸಾರು ಚೆಲ್ಲಿಕೊಂಡಳು.

ಶನಿವಾರ ಬೆಳಿಗ್ಗೆ ಬೆನ್ನುಚೀಲ ಹೊತ್ತು ನೀವು ಹತ್ತಿ ಹೋಗುವಾಗ ನಿನ್ನ ತಲೆಯ ಮೇಲೆ ಆ ಹಳೇ ಕೆಂಪು ಟೋಪಿ ಇತ್ತು. ನನ್ನ ಕಣ್ಣಿಗೆ ಪೊರೆ ಬಂದಿದ್ದರೂ ಆ ಕೆಂಪು ಮಾತ್ರ ಬಹಳ ದೂರ ಕಂಡಿತು. ನಿನಗೂ ನಿನ್ನ ಅಣ್ಣ ಲಿಸಾರ್ದೊಗೂ ಒಂದೇ ಉಣ್ಣೆಯಲ್ಲಿ ಹೆಣೆದ ಜೋಡಿ ಅದು. ನಿನ್ನದಕ್ಕೆ ಹುಳ ಬಿದ್ದಾಗ ಕೆಂಪು ನೂಲು ಮುಗಿದಿತ್ತು, ನೀಲಿ ದಾರದಲ್ಲಿ ತೂತು ಹೊಲಿದೆ. ಅದಕ್ಕೆ ನೀನು ಇಡೀ ದಿನ ಅತ್ತಿದ್ದೆ.

ಭಾನುವಾರ ಇಳಿದು ಬಂದವಳು ಬೇರೆಯೇ ಯಾರೋ. ಬಾಗಿಲಲ್ಲೇ ನಿಂತೆ, ನಾನು ಬಾ ಅನ್ನುವವರೆಗೂ. ನಿನ್ನ ಮನೆಗೆ ನಿನ್ನನ್ನೇ ಕರೆಯಬೇಕೇ? ಕಾಫಿ ಮುಟ್ಟಲಿಲ್ಲ. ಕಾಪಿತಾನ್ ನಿನ್ನನ್ನು ಕಂಡು ಮಂಚದ ಕೆಳಗೆ ಹೊಕ್ಕ. ಮುದಿ ನಾಯಿ ನಿಜ, ಆದರೆ ನಿನ್ನ ವಾಸನೆ ಮರೆಯುವ ನಾಯಿಯಲ್ಲ.

ಮೇಲೆ ಏನಾಯಿತು, ಹೇಳು. ಮೀನು ಹಿಡಿಯಲು ಹೋದ ನಿನ್ನ ಅಣ್ಣ ಒಂಬತ್ತು ವರ್ಷವಾದರೂ ಇನ್ನೂ ಇಳಿದು ಬಂದಿಲ್ಲ. ಪ್ರತಿ ಸಂಜೆ ಅವನಿಗೆ ತಟ್ಟೆ ಇಡುತ್ತಿದ್ದೇನೆ. ಹಾಗೆ ಇನ್ನೊಂದು ತಟ್ಟೆ ಇಡುವ ಶಕ್ತಿ ನನಗಿಲ್ಲ.

ಒಲೆಯ ಪಕ್ಕದಿಂದ,
ನಿನ್ನ ಸೋದರತ್ತೆ ಎತೆಲ್ವಿನಾ


ಮಚಾಲಾ
೧೪ ಸೆಪ್ಟೆಂಬರ್

ಪ್ರೀತಿಯ ಅತ್ತೆ,

ಗಾಬರಿಯಾಗಬೇಡ. ದಾರಿ ತಪ್ಪಿದ್ದೆ, ಸಿಕ್ಕಿದೆ, ಅಷ್ಟೇ.

ಶನಿವಾರ ಮಧ್ಯಾಹ್ನದವರೆಗೂ ಎಲ್ಲ ಚೆನ್ನಾಗಿತ್ತು. ಕಾಗದದಂತೆ ಸಿಪ್ಪೆ ಸುಲಿಯುವ ಮರಗಳ ಕಾಡು ದಾಟಿ ಬೆಟ್ಟದ ಏಣು ಹತ್ತಿದೆವು. ಅಲ್ಲಿಂದ ಕೆರೆಗಳು ಒಂದರ ಕೆಳಗೊಂದು ಕಂಡವು, ಮೆಟ್ಟಿಲ ಮೇಲೆ ನೀರು ತುಂಬಿಟ್ಟ ಪಾತ್ರೆಗಳ ಹಾಗೆ. ಗಾಳಿಗೆ ಹುಲ್ಲು ಮಲಗಿ ಏಳುತ್ತಿತ್ತು. ಇವೋನ್ ಚೀಲದ ಪಟ್ಟಿ ಭುಜ ಕೊರೆದು ಅಳುಮುಖ ಮಾಡಿದ್ದಳು. ನೀನು ಕಟ್ಟಿಕೊಟ್ಟ ಹುರಿದ ಬಾರ್ಲಿ ಹಿಟ್ಟಿಗೆ ಬೆಲ್ಲ ಕಲಸಿ ತಿಂದೆವು. ರೊಲಾಂದೊ ಬಾಯಲ್ಲಿ ಹಿಟ್ಟಿಟ್ಟುಕೊಂಡು ಮಾತಾಡಲು ಹೋಗಿ ಎಲ್ಲರ ಮೇಲೂ ಊದಿದ.

ಡೇರೆ ಹಾಕಿದ್ದು ಯಾನಾಕೋಚಾ ಕೆರೆಯ ದಡದಲ್ಲಿ. ನೀರು ಕಪ್ಪಗೆ, ಅಲುಗಾಡದೆ ಇತ್ತು. ರೊಲಾಂದೊ ಕಲ್ಲೊಂದನ್ನು ಎಸೆದು, "ಏಯ್ ಕೆರೆಯಮ್ಮಾ, ಎದ್ದೇಳೇ, ಕಾಫಿ ಕಾಸು" ಅಂತ ಕೂಗಿದ. ಮಾರ್ದನಿ ಬರಲೆಂದು ಮತ್ತೆ ಮತ್ತೆ ಕೂಗಿದ. ಕಪ್ಪು ಕೆರೆಗಳ ಮುಂದೆ ದನಿ ಎತ್ತಬಾರದು, ಕಲ್ಲು ಎಸೆಯಬಾರದು, ಅವು ಮಂಜು ಕರೆಯುತ್ತವೆ ಎಂದು ನಡೆಯಲು ಕಲಿಯುವ ಮೊದಲೇ ನೀನು ನನಗೆ ಹೇಳಿಕೊಟ್ಟಿದ್ದೆ. ಆದರೂ ನಾನು ಸುಮ್ಮನಿದ್ದೆ. ಎಷ್ಟೇ ಓದಿದರೂ ಬೆಟ್ಟದವಳು ಬೆಟ್ಟದವಳೇ ಎಂದು ಅವರು ನಗುತ್ತಾರೆಂದು. ಅವನ ಜೊತೆ ನಾನೂ ನಕ್ಕೆ, ಅತ್ತೆ.

ಸಂಜೆ ನೀರು ತರಲು ಇಳಿದೆ. ಪಾತ್ರೆ ತುಂಬಿ ತಿರುಗುವಷ್ಟರಲ್ಲಿ ಮಂಜು ಕವಿದು ಡೇರೆ ಇರಲಿಲ್ಲ, ದಡ ಇರಲಿಲ್ಲ, ನನ್ನ ಕೈ ಕೂಡ ಇರಲಿಲ್ಲ. ಭಾನುವಾರ ಅವರು ನನ್ನನ್ನು ಕಂಡದ್ದು ಏಣಿನ ಆಚೆಯ ಇನ್ನೊಂದು ಕೆರೆಯ ಬಳಿ. ಅಷ್ಟು ಚಳಿಯಲ್ಲೂ ನನ್ನ ಬೆನ್ನು ಬೆಚ್ಚಗಿತ್ತು ಎಂದು ಇವೋನ್ ಈಗಲೂ ಎಲ್ಲರಿಗೂ ಹೇಳುತ್ತಾಳೆ.

ಇಲ್ಲಿ ಕರಾವಳಿಯಲ್ಲಿ ಬಾಳೆತೋಟದ ಸೆಕೆ ಹಾಗೇ ಇದೆ. ಪಾಠ ಮಾಡುವಾಗ ಮಕ್ಕಳು ಬೆವರು ಒರೆಸಿಕೊಳ್ಳುತ್ತಾರೆ. ನಾನು ಸ್ವೆಟರು ಹಾಕಿಕೊಂಡು ಬೋರ್ಡಿನ ಮೇಲೆ ಬರೆಯುತ್ತೇನೆ. ನನಗೆ ಬೆವರು ಬರುತ್ತಿಲ್ಲ.

ನಿನ್ನ
ನೂಬಿಯಾ


ಚಿಲ್ಕಪಂಬಾ
೨೨ ಸೆಪ್ಟೆಂಬರ್

ಮಗಳೇ,

ಆ ರೊಲಾಂದೊನ ನಾಲಿಗೆಗೆ ಮೆಣಸಿನಕಾಯಿ ಉಜ್ಜಬೇಕು. ನಿನ್ನದಕ್ಕೂ ಚೂರು. ಬೈಗುಳ ಅಷ್ಟೇ, ಮುಗಿಯಿತು.

ನೀನು ಬಂದೆ, ನಿನ್ನ ಜೀವ ಬಂದಿಲ್ಲ. ಹೆದರಿದ ಕಡೆಯೇ ಅದು ಕೂತುಬಿಟ್ಟಿದೆ. ಚಿಕ್ಕವಳಿದ್ದಾಗ ಹೋರಿ ಅಟ್ಟಿಸಿಕೊಂಡು ಬಂತಲ್ಲ, ಆಗಲೂ ಹೀಗೇ ಆಗಿ, ನಿನ್ನ ಅಂಗಿ ಹಿಡಿದು ಆ ಗದ್ದೆಯಿಂದ ನಾನೇ ಕರೆದುಕೊಂಡು ಬಂದಿದ್ದೆ. ಆ ಮಟ್ಟಿಗೆ ಇದು ಸಣ್ಣ ಕೆಲಸ, ದಾರಿ ಮಾತ್ರ ದೂರ. ಅಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕು. ಹಿಂದೆ ತಿರುಗದೆ ಮನೆಯವರೆಗೆ ನಡೆಸಿಕೊಂಡು ಬರಬೇಕು. ಆಮೇಲೆ ಆ ಬಟ್ಟೆಯನ್ನು ನಿನ್ನ ತಲೆದಿಂಬಿನ ಕೆಳಗಿಟ್ಟು ಮಲಗಿದರೆ ಜೀವ ತನ್ನ ಜಾಗ ಸೇರುತ್ತದೆ.

ಆ ರಾತ್ರಿ ಮೈಮೇಲಿದ್ದ ಬಟ್ಟೆ ಯಾವುದಾದರೂ ಕಳಿಸು. ಟೋಪಿಯಾದರೆ ಇನ್ನೂ ಒಳ್ಳೆಯದು. ಒಗೆಯಬೇಡ. ಒಗೆದರೆ ಅದಕ್ಕೂ ನಿನಗೂ ನಂಟು ಕಡಿದುಹೋಗುತ್ತದೆ.

ಡಾಕ್ಟರ ಮಾತ್ರೆಯನ್ನೂ ನುಂಗು. ಮಾತ್ರೆಗೂ ನನಗೂ ಜಗಳವಿಲ್ಲ.

ನಿನ್ನ ಅತ್ತೆ


ಮಚಾಲಾ
೩ ಅಕ್ಟೋಬರ್

ಅತ್ತೆ,

ಟೋಪಿ ಕಳಿಸಿದ್ದೇನೆ. ಸಿಕ್ಕಿದಾಗ ತಲೆಯ ಮೇಲಿದ್ದದ್ದು ಇದೇ. ಮನೆಗೆ ಬಂದವಳೇ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ, ಮತ್ತೆ ಮುಟ್ಟಿಲ್ಲ. ಮುಟ್ಟಲು ಆಗಲಿಲ್ಲ.

ಡಾಕ್ಟರು ರಕ್ತ ನೋಡಿ ಏನೂ ಇಲ್ಲ ಅಂದರು. ನಿನ್ನೆ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಕೈ ಹಿಡಿದು, "ಮಿಸ್ಸು, ನಿಮ್ ಕೈ ಕೆರೆ ಥರ ಇದೆ" ಅಂದಳು. ಅವಳು ಹುಟ್ಟಿದಾರಭ್ಯ ಕೆರೆ ನೋಡಿಲ್ಲ, ಸಮುದ್ರ ಮಾತ್ರ ನೋಡಿದ್ದಾಳೆ.

ನಿನ್ನ ಮಂಡಿನೋವಿಗೆ ಅಷ್ಟು ಎತ್ತರ ಬೇಡವಾಗಿತ್ತು.

ನೂಬಿಯಾ


ಚಿಲ್ಕಪಂಬಾ
೧೨ ಅಕ್ಟೋಬರ್

ಮಗಳೇ ನೂಬಿಯಾ,

ಹೋಗಿ ಬಂದೆ. ಪಕ್ಕದ ಮನೆಯ ಬೆಲಿಸಾರಿಯೊ ತನ್ನ ಹೆಣ್ಣು ಹೇಸರಗತ್ತೆ ತಂದ. ದಾರಿಯುದ್ದಕ್ಕೂ ಗೊಣಗಿದ. "ಎತೆಲ್ವಿನಕ್ಕ, ನೀನು ಮೇಲ್ ಕೂತಿದೀಯೋ ಉಪ್ಪಿನ ಮೂಟೆ ಕೂತಿದೆಯೋ, ಪಾಪ ನನ್ ಕತ್ತೆಗೆ ಗೊತ್ತಾಗ್ತಿಲ್ಲ." "ಮೂವತ್ ವರ್ಷ ನಿನ್ ಮಾತು ಹೊತ್ತಿದೆಯಲ್ಲ ಅದು, ನಾನೇನ್ ಭಾರ" ಅಂದೆ. ಆ ಬಾಯಿ ಯಾನಾಕೋಚಾ ಕಂಡ ಕೂಡಲೇ ಮುಚ್ಚಿತು. ತನ್ನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ನಾನು ಕೆರೆಗೆ ಮೊದಲು ಕ್ಷಮೆ ಕೇಳಿದೆ, ಬೆಲ್ಲದ ಸಾರಾಯಿ ಎರಡು ಹನಿ ಬಿಟ್ಟೆ. ಆಮೇಲೆ ಟೋಪಿ ಬೀಸಿ ಕರೆದೆ. "ಬಾ ಮಗೂ, ಮನೆಗ್ ಹೋಗೋಣ. ಉಳೀಬೇಡ, ಉಳೀಬೇಡ." ಮೂರನೇ ಸಲಕ್ಕೆ ಗಾಳಿ ನಿಂತಿತು. ಟೋಪಿಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಹೊರಟೆ. ಇಳಿಯುವ ದಾರಿಯಲ್ಲಿ ನಮ್ಮ ಹಿಂದೆ ಹುಲ್ಲು ಸರಿಯುವ ಸದ್ದು. ಬೆಲಿಸಾರಿಯೊನೂ ಕೇಳಿಸಿಕೊಂಡ, ತಿರುಗಲಿಲ್ಲ. "ಹೆಜ್ಜೆ ದೊಡ್ಡದಾಗಿದೆ ಅಕ್ಕ" ಅಂದ, ಅಷ್ಟೇ.

ಮನೆ ಬಾಗಿಲಿಗೆ ಬಂದಾಗ ಕಾಪಿತಾನ್ ಎದ್ದು ಬಂದು ಬಾಲ ಅಲ್ಲಾಡಿಸಿದ. ನನ್ನನ್ನಲ್ಲ, ನನ್ನ ಹಿಂದೆ ನೋಡಿ. ಅಲ್ಲಿಗೆ ಗೆದ್ದೆವು ಮಗಳೇ.

ನಾಳೆಯ ಬಸ್ಸಿಗೆ ಟೋಪಿ ಬರುತ್ತದೆ. ಬಂದ ದಿನವೇ ತಲೆಯ ಕೆಳಗಿಟ್ಟು ಮಲಗು.

ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ,
ಎತೆಲ್ವಿನಾ ಅತ್ತೆ


ಮಚಾಲಾ
೨೪ ಅಕ್ಟೋಬರ್

ಅತ್ತೆ,

ಟೋಪಿ ಬರಲಿಲ್ಲ. ಬಸ್ ಕಚೇರಿಯಲ್ಲಿ ಎರಡು ಸಲ ವಿಚಾರಿಸಿದೆ.

ಮೊನ್ನೆ ಪಾಠದ ಮಧ್ಯೆ ಬಿದ್ದೆ. ಹೆಡ್‌ಮಿಸ್ಸು ರಜ ಕೊಟ್ಟಿದ್ದಾರೆ. ಇವೋನ್ ದಿನಾ ಗಂಜಿ ತಂದುಕೊಟ್ಟು ನಾನು ಕುಡಿಯುವವರೆಗೂ ಕೂತಿರುತ್ತಾಳೆ. ಕಣ್ಣು ಮುಚ್ಚಿದರೆ ಕಿವಿಯಲ್ಲಿ ಹುಲ್ಲಿನ ಸದ್ದು. ಹೆದರಿಕೆ ಇಲ್ಲ, ಅತ್ತೆ. ಅಲ್ಲಿ ಬಹಳ ಶಾಂತವಾಗಿದೆ.

ನಿನಗೆ ಹುಷಾರಿಲ್ಲವೇ? ಏಕೆ ಬರೆಯುತ್ತಿಲ್ಲ?

ನೂಬಿಯಾ


ಚಿಲ್ಕಪಂಬಾ
೨೭ ಅಕ್ಟೋಬರ್

ನೂಬಿಯಾ,

ಬೆಟ್ಟದಿಂದ ಬಂದ ಮರುದಿನ ಬಸ್ಸಿಗೆ ಕೊಡಲೆಂದು ಟೋಪಿಯನ್ನು ಕಾಗದದಲ್ಲಿ ಸುತ್ತುತ್ತಿದ್ದೆ. ಕಣ್ಣು ಕೆಟ್ಟ ಮೇಲೆ ನಾನು ಎಲ್ಲವನ್ನೂ ಬೆರಳಲ್ಲೇ ನೋಡುವುದು. ಕಿವಿಯ ಮೇಲೆ ನೀಲಿ ದಾರದ ಗಂಟು ಇರಬೇಕಿತ್ತು. ಇರಲಿಲ್ಲ. ತಿರುವಿ ಹಾಕಿ ತಡಕಿದೆ. ಬಾಗಿಲಿಗೆ ತಂದು ಬಿಸಿಲಲ್ಲಿ ಬೆಲಿಸಾರಿಯೊಗೆ ತೋರಿಸಿದೆ. "ಹೊಲಿಗೆ ಇಲ್ಲ ಅಕ್ಕ. ಹುಳ ತಿಂದ ತೂತೂ ಇಲ್ಲ" ಅಂದ. ಆಮೇಲೆ ಅವನು ನನ್ನ ಮುಖ ನೋಡಲಿಲ್ಲ.

ನಾನು ಹೆಣೆದದ್ದು ಎರಡೇ. ಇನ್ನೊಂದು ಲಿಸಾರ್ದೊನ ತಲೆಯ ಮೇಲೆ ಬೆಟ್ಟ ಹತ್ತಿತು.

ನಿನ್ನ ಹೆಸರನ್ನು ಕೆರೆಯ ಮುಂದೆ ನಾನು ಹೇಳಲೇ ಇಲ್ಲ, ಮಗಳೇ. ಮಗೂ ಎಂದು ಕರೆದೆ. ನಿಮ್ಮಿಬ್ಬರನ್ನೂ ಹಾಗೇ ಕರೆದು ಸಾಕಿದ ಬಾಯಿ. ಮಗು ಬಂದಿದೆ. ಆದರೆ ನೀನಲ್ಲ.

ಅಂದಿನಿಂದ ಈ ಮನೆ ಹೇಗಿದೆ ಎಂದು ಹೇಗೆ ಬರೆಯಲಿ? ಕಾಪಿತಾನ್ ಒಲೆಯ ಬಲಗಡೆ, ಲಿಸಾರ್ದೊ ಕೂರುತ್ತಿದ್ದ ಜಾಗದ ಪಕ್ಕದಲ್ಲೇ ಮಲಗುತ್ತಾನೆ. ಬೆಳಿಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಯ ಹಿಂದೆ ಅವನದೇ ಹಲ್ಲುಸಂದಿಯ ಶಿಳ್ಳೆ. ತಟ್ಟೆಯಲ್ಲಿಟ್ಟ ಬೆಂದ ಜೋಳ ಹಾಗೇ ಇರುತ್ತದೆ, ಆದರೆ ಅದರ ರುಚಿ ಹೋಗಿರುತ್ತದೆ. ನಾನು ಅವನ ಜೊತೆ ಮಾತಾಡುತ್ತೇನೆ. ಒಂಬತ್ತು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಊಟ ಮಾಡಿರಲಿಲ್ಲ.

ಅದಕ್ಕೇ ಬರೆಯಲಿಲ್ಲ. ನೀನು ಬಿದ್ದೆ ಎಂಬ ಕಾಗದ ಬಂದು ಕಪಾಳಕ್ಕೆ ಹೊಡೆದ ಹಾಗಾಯಿತು.

ಆ ಟೋಪಿ ನಿನ್ನ ತಲೆಗೆ ಹೇಗೆ ಬಂತು? ಆ ರಾತ್ರಿ ನಿನ್ನ ಬೆನ್ನು ಬೆಚ್ಚಗೆ ಇಟ್ಟದ್ದು ಯಾರು?

ಎತೆಲ್ವಿನಾ


ಮಚಾಲಾ
೩೧ ಅಕ್ಟೋಬರ್

ಅತ್ತೆ,

ನಿನಗೆ ಗೊತ್ತಾಗಿಬಿಟ್ಟಿದೆ, ಇನ್ನು ಬಚ್ಚಿಡುವುದೇನು.

ಮಂಜಿನಲ್ಲಿ ನಡೆದು ನಡೆದು ಒಂದು ಬಂಡೆಗೆ ತಾಗಿ ಕೂತುಬಿಟ್ಟಿದ್ದೆ. ನಿದ್ದೆ ಬರುತ್ತಿತ್ತು. ಆಗ ಯಾರೋ ಬಂದು ಬೆನ್ನಿಗೆ ಬೆನ್ನು ಕೊಟ್ಟು ಕೂತರು, ಕುರಿ ಕಾಯುವವರು ಚಳಿಗೆ ಕೂರುವ ಹಾಗೆ. ಮೀನಿನ ವಾಸನೆ, ನೀಲಗಿರಿ ಹೊಗೆಯ ವಾಸನೆ. "ಏಯ್ ಕುಳ್ಳಿ, ಮಲಗಿದ್ರೆ ಒದೀತೀನಿ" ಅಂದ. ನಾನು ತಿರುಗಲು ಹೋದೆ. "ತಿರುಗ್ಬೇಡ್ವೇ, ಬೆನ್ನಿಗ್ ಚಳಿ ನುಗ್ಗುತ್ತೆ." ಬೆಳಗಾಗುವವರೆಗೂ ಒಗಟು ಹಾಕಿದ. "ಕಾಲಿಲ್ಲ, ಬೆಟ್ಟ ಹತ್ತುತ್ತೆ. ಬಾಯಿಲ್ಲ, ಊರು ನುಂಗುತ್ತೆ. ಏನದು?" ಮಂಜು ಅಂದೆ. "ಟೀಚರಾಗಿಬಿಟ್ಟಿದೀಯ ಅಂತ ಕೇಳ್ದೆ, ಪರವಾಗಿಲ್ಲ, ಪಾಸು" ಅಂದು ನಕ್ಕ. ಅದೇ ನಗು. ಅವನ ವಯಸ್ಸು ಅಷ್ಟೇ ಇದೆ ಅತ್ತೆ. ಈಗ ನಾನು ಅವನಿಗಿಂತ ದೊಡ್ಡವಳು.

ಒಂದು ಸಲ ಕೇಳಿದ, "ಅತ್ತೆ ಇನ್ನೂ ನನ್ ತಟ್ಟೆ ಇಡ್ತಾಳಾ?" ಇಡ್ತಾಳೆ ಅಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ.

ಅದಕ್ಕೇ ನಾನೇ ಅಂದೆ, "ನೀನ್ ಹೋಗಿ ಉಂಡು ಬಾರೋ ಅಣ್ಣ. ಅಲ್ಲೀವರ್ಗೂ ನಿನ್ ಜಾಗದಲ್ಲಿ ನಾನಿರ್ತೀನಿ." ಬೆಳಕು ಹರಿಯುವಾಗ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ನನ್ನ ಟೋಪಿ ಕಿತ್ತುಕೊಂಡು ತನ್ನದನ್ನು ನನ್ನ ತಲೆಗೆ ತುರುಕಿದ. ತಿರುಗಿ ನೋಡಿದಾಗ ಬಾಗಿದ ಹುಲ್ಲು ಮಾತ್ರ ಇತ್ತು.

ಅವನಿರಲಿ ಅತ್ತೆ. ಬೇಕಾದಷ್ಟು ದಿನ ಇಟ್ಟುಕೋ. ನೀನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಅಂದೆಯಲ್ಲ, ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ನನಗೆ ಇಲ್ಲಿ ಏನೂ ತೊಂದರೆ ಇಲ್ಲ.

ನಿನ್ನ ಕುಳ್ಳಿ


ಚಿಲ್ಕಪಂಬಾ
೮ ನವೆಂಬರ್

ನನ್ನ ಮಗಳೇ ನೂಬಿಯಾ,

ಏನೂ ತೊಂದರೆ ಇಲ್ಲ ಎಂದು ಬರೆದ ಆ ಅಕ್ಷರ ನೋಡಿದೆ. ಸಾಲು ಕೆಳಕ್ಕೆ ಜಾರಿದೆ. ನಿನ್ನ ಅಕ್ಷರ ಯಾವತ್ತೂ ಜಾರುತ್ತಿರಲಿಲ್ಲ.

ನಿನ್ನ ಅಣ್ಣ ಬಹಳ ಹೊತ್ತು ಸುಮ್ಮನಿದ್ದ ಅಂದೆಯಲ್ಲ. ಆ ಮೌನದ ಜೊತೆ ಒಂದಿಡೀ ದಿನ ಕೂತೆ. ಊಟ ಬೇಡ ಎನ್ನಲು ಅವನಿಗೆ ಯಾವತ್ತೂ ಬಾಯಿ ಬರುತ್ತಿರಲಿಲ್ಲ. ಹೊಟ್ಟೆ ತುಂಬಿದ್ದರೂ, ನಾನು ಬಡಿಸುವವರೆಗೂ ಏಳದೆ ಕೂತಿರುತ್ತಿದ್ದ. ಒಂಬತ್ತು ವರ್ಷ ಅವನನ್ನು ಹಾಗೇ ಕೂರಿಸಿದ್ದೇನೆ.

ಸತ್ತವರ ಹಬ್ಬಕ್ಕೆ ಊರವರೆಲ್ಲ ಬೊಂಬೆ ರೊಟ್ಟಿ ಸುಟ್ಟು ತಮ್ಮವರ ಗೋರಿಗೆ ಒಯ್ದರು. ನಾನು ಇಷ್ಟು ವರ್ಷ ನಿನ್ನ ಅಪ್ಪ ಅಮ್ಮನಿಗೆ ಮಾತ್ರ ಸುಡುತ್ತಿದ್ದೆ. ಈ ಸಲ ಇನ್ನೊಂದು ಸುಟ್ಟೆ, ತಲೆಗೆ ಕೆಂಪು ಬಣ್ಣ ಹಚ್ಚಿದೆ. ನೇರಳೆ ಅಂಬಲಿ ಕಾಯಿಸಿದೆ. ಬೆಂದ ಜೋಳ, ಹುರಿದ ಹಂದಿಮಾಂಸ, ಎಲ್ಲ ಅವನ ತಟ್ಟೆಗೆ ಬಡಿಸಿ ಎದುರು ಕೂತು ಉಂಡೆ. ಬೆಲಿಸಾರಿಯೊನನ್ನೂ ಕರೆದಿದ್ದೆ. ಊಟವಾದ ಮೇಲೆ ಅವನ ಮುಂದೆ, ನಾಯಿಯ ಮುಂದೆ, ಒಲೆಯ ಮುಂದೆ ಹೇಳಿದೆ, "ನಮ್ ಲಿಸಾರ್ದೊ ತೀರ್ಕೊಂಡ."

ಬೆಲಿಸಾರಿಯೊ ತನ್ನ ಟೋಪಿ ತೆಗೆದ. "ನೀನ್ ಹೇಳ್ಲಿ ಅಂತ ಊರೆಲ್ಲ ಕಾಯ್ತಿತ್ತು ಅಕ್ಕ" ಅಂದ. ಆಮೇಲೆ, "ಮಾಂಸಕ್ಕೆ ಉಪ್ಪು ಜಾಸ್ತಿ ಆಗಿತ್ತು" ಅಂದ. ಅಳುತ್ತಾ ನಕ್ಕೆ.

ತೀರಿಕೊಂಡವರ ಬಟ್ಟೆ ಒಗೆಯುವ ಐದನೆಯ ದಿನ, ಅಂದರೆ ನಿನ್ನೆ, ನದಿಗೆ ಹೋಗಿ ಒಗೆತ ಮಾಡಿದೆವು. ಕತ್ತಾಳೆಯ ಎಲೆ ಜಜ್ಜಿ ನೊರೆ ಎಬ್ಬಿಸಿ, ಅವನ ಅಂಗಿ, ಕಂಬಳಿ, ಕೊನೆಗೆ ಟೋಪಿ. ಟೋಪಿಯನ್ನು ನೀರಿಗಿಡಲು ಕೈ ಬರಲಿಲ್ಲ. ಮೂಗಿಗೆ ಹಿಡಿದೆ. ಮೀನಿತ್ತು, ಹೊಗೆಯಿತ್ತು, ಅವನ ನೆತ್ತಿಯಿತ್ತು. ಅವನಿಗೆ ಹೇಳಿದೆ, "ನೀನ್ ಅವಳನ್ನ ಸ್ಕೂಲಿಂದ ತಿರುವಿನವರ್ಗೂ ತಂದ್ಬಿಟ್ಟು ಮೀನಿಗ್ ಓಡ್ತಿದ್ದೆಯಲ್ಲೋ. ಇವತ್ತೂ ಹಾಗೇ ಮಾಡು. ತಿರುವಿನವರ್ಗೂ ಬಿಡು, ಸಾಕು. ಆಮೇಲ್ ನೀನ್ ಹೊರಡು, ಇನ್ ಕಾಯ್ಬೇಡ." ಆಮೇಲೆ ಮುಳುಗಿಸಿ ತಿಕ್ಕಿದೆ. ಎತ್ತಿದಾಗ ಕುರಿಯ ಉಣ್ಣೆಯ ವಾಸನೆ ಮಾತ್ರ ಉಳಿದಿತ್ತು.

ಕಾಪಿತಾನ್ ದಡದಿಂದ ಎದ್ದು, ಯಾರನ್ನೋ ಕಳಿಸಿಕೊಡುವವನ ಹಾಗೆ ಬೆಟ್ಟದ ದಾರಿಯಲ್ಲಿ ತಿರುವಿನವರೆಗೂ ಹೋದ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಒಬ್ಬನೇ ಬಂದು ನನ್ನ ಕಾಲ ಮೇಲೆ ಮಲಗಿದ. ನಾನು ಬೆಟ್ಟದ ಕಡೆಗೆ ಮುಖ ಮಾಡಿ ಕರೆದೆ. ಮಗೂ ಅನ್ನಲಿಲ್ಲ. ಮರಿಯಾ ನೂಬಿಯಾ ಕೀಶ್ಪಿ ಎಂದು, ನಾಮಕರಣದಲ್ಲಿ ಪಾದ್ರಿ ಕರೆದ ಹಾಗೆ.

ನಿನ್ನೆ ಸಂಜೆ ಒಂದೇ ತಟ್ಟೆ ಇಟ್ಟೆ. ಹಸಿವಾಗಲಿಲ್ಲ. ಅದು ಇರಲಿ. ನಿನ್ನ ಸುದ್ದಿ ಬರೆ, ಒಂದು ಸಾಲಾದರೂ.

ದಾರಿ ಕಾಯುತ್ತಾ,
ಅತ್ತೆ


ಮಚಾಲಾ
೧೧ ನವೆಂಬರ್

ಅತ್ತೆ,

ಸೋಮವಾರ, ಏಳನೇ ತಾರೀಕು, ಮಲಗಿಯೇ ಇದ್ದೆ. ಇವೋನ್ ಗಂಜಿ ಹಿಡಿದು ಕೂತಿದ್ದಳು. ಇದ್ದಕ್ಕಿದ್ದಂತೆ, "ನೂಬಿಯಾ, ನಿನ್ ಮೂಗ್ ಮೇಲ್ ಏನೇ ಅದು?" ಅಂದಳು. ಕೈಯಿಟ್ಟು ನೋಡಿದೆ. ಬೆವರು.

ಆಮೇಲೆ ಕುತ್ತಿಗೆ, ಬೆನ್ನು, ಎಲ್ಲ ಕಡೆ ಧಾರಾಕಾರ. ಸ್ವೆಟರು ಕಿತ್ತು ಬಿಸಾಕಿ ಅಳುತ್ತಿದ್ದೆ. ಇವೋನ್ ಬೀಸಣಿಗೆ ಹುಡುಕುತ್ತಾ ಮನೆಯೆಲ್ಲ ಓಡಾಡಿದಳು. "ಥೂ, ಏನ್ ಸೆಕೆನೇ ಈ ಊರಲ್ಲಿ" ಅಂದೆನಂತೆ.

ಕಿವಿಯಲ್ಲಿ ಹುಲ್ಲಿನ ಸದ್ದಿಲ್ಲ. ಬೀದಿಯಲ್ಲಿ ಬಾಳೆಹಣ್ಣಿನ ಲಾರಿಗಳು ಮಾತ್ರ.

ನಿನ್ನ ಕಾಗದ ಬಂದದ್ದು ಇವತ್ತು. ಓದಿದೆ. ಆ ದಿನ ಮಲಗಿದ್ದಲ್ಲೇ, ನಮ್ಮೂರ ತಿರುವಿನವರೆಗೂ ನನ್ನ ಜೊತೆ ಯಾರೋ ನಡೆದ ಹಾಗೆ ಇತ್ತು ಎಂದು ಬರೆಯಬೇಕೆಂದಿದ್ದೆ, ನೀನೇ ಮೊದಲು ಬರೆದಿದ್ದೀಯ.

ರಜಕ್ಕೆ ಬರುತ್ತೇನೆ. ನೀನು ಉಣ್ಣು, ಅತ್ತೆ.

ನಿನ್ನ
ನೂಬಿಯಾ


ಚಿಲ್ಕಪಂಬಾ
೪ ಡಿಸೆಂಬರ್

ಮಗಳೇ ನೂಬಿಯಾ,

ಉಣ್ಣುತ್ತಿದ್ದೇನೆ. ಬೆಲಿಸಾರಿಯೊ ಸಂಜೆ ಹೊತ್ತಿಗೆ ಸರಿಯಾಗಿ ಉಪ್ಪಿನ ವಿಚಾರ ಮಾತಾಡಲು ಬರುತ್ತಾನೆ, ಬಂದವನಿಗೆ ಬಡಿಸದಿದ್ದರಾಗುತ್ತದೆಯೇ.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಆ ಸೆಕೆಯ ಊರಲ್ಲಿ ಟೋಪಿ ಯಾಕೆ ಎಂದು ನಗಬೇಡ. ಇಲ್ಲಿಗೆ ಬರುವಾಗ ಬೇಕಾಗುತ್ತದೆ. ನಿನ್ನದು ಮೇಲೆಯೇ ಉಳಿಯಿತು. ಅದು ಯಾರ ತಲೆಯ ಮೇಲಿದೆಯೋ ಅವರಿಗೇ ಇರಲಿ, ದಾರಿಯಲ್ಲಿ ಚಳಿ.

ಮೊದಲಾಗಿದ್ದರೆ ಉಣ್ಣೆಗೆ ಬಣ್ಣ ಹಾಕುವಾಗ ಎರಡು ಟೋಪಿಗೆ ಆಗುವಷ್ಟು ಹಾಕುತ್ತಿದ್ದೆ, ಈ ಸಲ ಒಂದಕ್ಕೆ ಆಗುವಷ್ಟೇ ಹಾಕಿದೆ. ಕಿವಿಯ ಮೇಲೆ ತಡವಿ ನೋಡು. ಹುಳ ಬೀಳುವ ಮೊದಲೇ, ತೂತಿಲ್ಲದ ಕಡೆ, ನೀಲಿ ದಾರದಲ್ಲಿ ಒಂದು ಗಂಟು ಹೊಲಿದಿದ್ದೇನೆ. ರಜಕ್ಕೆ ನೀನು ಬಸ್ಸಿಳಿದು ಬಂದಾಗ ಏನೂ ಕೇಳುವುದಿಲ್ಲ, ನಿನ್ನ ತಲೆ ಮುಟ್ಟಿ ನೋಡುತ್ತೇನೆ. ಅಲ್ಲಿಯವರೆಗೂ ಬಾಗಿಲಲ್ಲೇ ನಿಂತಿರು.

ನಿನ್ನ ಅತ್ತೆ,
ಎತೆಲ್ವಿನಾ